ಕಾಕತಿಯ ವೆಬ್‌ಸೈಟಿಗೆ ಯಾವ ಭಾಷೆ?

ಊರಿಗೊಂದು ವೆಬ್‌ಸೈಟ್ ಮಾಡುತ್ತೇವೆ ಅಂತ ಕಾಕತಿಯಲ್ಲಿ ಯಾರಿಗೆ ಹೇಳಿದರೂ ಬರುವ ಮೊದಲ ಪ್ರಶ್ನೆ ಒಂದೇ: ‘ಯಾವ ಭಾಷಾದಾಗ ಮಾಡ್ತೀರಿ?’ ಹಿರಿಯರು ಕೇಳಿದರೆ ಕನ್ನಡವೋ ಮರಾಠಿಯೋ ಎಂದು ಅರ್ಥ. ಕಾಲೇಜಿನ ಹುಡುಗರು ಕೇಳಿದರೆ ಪಿಎಚ್‌ಪಿಯೋ, ಪೈಥಾನೋ, ಜಾವಾಸ್ಕ್ರಿಪ್ಟೋ ಎಂದು ಅರ್ಥ. ಮೊದಲ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಸಿದ್ಧವಿತ್ತು. ಸುದ್ದಿ ಕನ್ನಡದಲ್ಲಿ, ಗ್ರಾಮಸಭೆಯ ದಿನಾಂಕ, ಕರೆಂಟು ಹೋಗುವ ಹೊತ್ತು, ಇಂಥ ಎಲ್ಲರಿಗೂ ಬೇಕಾದ ಸೂಚನೆ ಮರಾಠಿಯಲ್ಲೂ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಜಗಳವೂ ಆಯಿತು, ಒಬ್ಬರು ಮೂರು ದಿನ ಮಾತು ಬಿಟ್ಟರು. ಹಳ್ಳಿಯ ಸುದ್ದಿಗೆ ತಾಣ ಮಾಡಬೇಕೆಂದಿರುವ ಬೇರೆ ಊರಿನ ಗೆಳೆಯರಿಗೆ ಈ ಜಗಳದಿಂದ ಏನಾದರೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇವೆ.

ನಾವು ನಾಲ್ವರು. ಮೂವರು ಪತ್ರಿಕೋದ್ಯಮ ಓದಿದವರು. ಒಬ್ಬ ಬಿಎಸ್‌ಸಿಯಲ್ಲಿ ಕಂಪ್ಯೂಟರ್ ಓದಿ ಆಮೇಲೆ ನಮ್ಮ ಸಾಲಿಗೆ ಬಂದು ಕೂತವನು. ಕಾಕತಿ ಎಂದರೆ ಹೊರಗಿನವರಿಗೆ ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ ಊರು, ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿ ದಾಟಿದ ಕೂಡಲೇ ಸಿಗುವ ಊರು. ಇಲ್ಲಿರುವವರಿಗೆ ಅದು ಹೊನಗಾ, ಕಡೋಲಿ, ಭೂತರಾಮನಹಟ್ಟಿ ಎಲ್ಲ ಸೇರಿದ ಒಂದು ಓಡಾಟದ ವಲಯ. ಈ ವಲಯದ ಸುದ್ದಿ ಜಿಲ್ಲಾ ಪುಟದಲ್ಲಿ ಬಂದರೆ ಎರಡು ಸಾಲು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಪಂಚಾಯಿತಿ ಏನು ನಿರ್ಣಯ ಮಾಡಿತು, ತರಕಾರಿಗೆ ಇಂದು ಎಷ್ಟು ದರ ಸಿಕ್ಕಿತು, ಯಾವ ಬಸ್ಸು ನಿಂತುಹೋಯಿತು, ಇಷ್ಟನ್ನು ದಿನವೂ ಕೊಡಬೇಕು ಎಂಬುದು ನಮ್ಮ ಆಸೆ. ಓದುವವರ ಕೈಯಲ್ಲಿರುವುದು ಸಾಧಾರಣ ಆಂಡ್ರಾಯ್ಡ್ ಫೋನು, ದಿನದ ಡೇಟಾ ಸಂಜೆಗೆ ಮುಗಿದಿರುವ ಫೋನು.

ಜಗಳಕ್ಕೆ ಕಾರಣವಾದ ಹಿನ್ನೆಲೆಯನ್ನು ಹೇಳಬೇಕು. ನಮಗಿಂತ ಮೊದಲು ಊರಿನ ಕೆಲ ಹುಡುಗರು ಸೇರಿ ಒಂದು ತಾಣ ಮಾಡಿಸಿದ್ದರು. ಜಾತ್ರೆಯ ಚಿತ್ರಗಳು, ಹಿರಿಯರ ಸಂದರ್ಶನಗಳು, ನೆರೆ ಬಂದ ವರ್ಷದ ವರದಿಗಳು ಅದರಲ್ಲಿದ್ದವು. ಕಟ್ಟಿಕೊಟ್ಟದ್ದು ನಗರದ ಒಂದು ಸಣ್ಣ ಕಂಪನಿ, ಹೆಸರು ಬೇಡ. ಆಗ ಹೊಸದಾಗಿ ಹೆಸರು ಮಾಡಿದ್ದ ಯಾವುದೋ ಚೌಕಟ್ಟಿನಲ್ಲಿ ಅದನ್ನು ಬರೆದರು. ಬರೆದ ಹುಡುಗ ಒಂದೂವರೆ ವರ್ಷದಲ್ಲಿ ಬೆಂಗಳೂರಿಗೆ ಹೋದ. ಅವನ ಜಾಗಕ್ಕೆ ಬಂದವರಿಗೆ ಆ ಭಾಷೆ ಬರುತ್ತಿರಲಿಲ್ಲ. ಒಂದು ಫೋನ್ ನಂಬರ್ ಬದಲಿಸಬೇಕೆಂದರೂ ‘ಹೊಸದಾಗಿ ಮಾಡಿಸ್ರಿ’ ಎಂಬ ಉತ್ತರ. ಡೊಮೈನ್ ಹೆಸರೂ ಕಂಪನಿಯ ಖಾತೆಯಲ್ಲೇ ಇತ್ತು. ಒಂದು ವರ್ಷ ನವೀಕರಣ ಆಗಲಿಲ್ಲ, ತಾಣ ಹೋಯಿತು. ಜೊತೆಗೆ ಮೂರು ವರ್ಷದ ಕೆಲಸವೂ ಹೋಯಿತು. ಆ ಸಂದರ್ಶನಗಳಲ್ಲಿ ಮಾತಾಡಿದ್ದ ಇಬ್ಬರು ಅಜ್ಜಂದಿರು ಈಗಿಲ್ಲ. ಅವರ ಮಾತು ಮತ್ತೆ ಸಿಗುವುದಿಲ್ಲ.

ಹಾಗಾಗಿ ಭಾಷೆ ಯಾವುದು ಎಂಬುದು ನಮ್ಮ ಪಾಲಿಗೆ ಬರೀ ತಾಂತ್ರಿಕ ಪ್ರಶ್ನೆ ಆಗಿರಲಿಲ್ಲ. ‘ಐದು ವರ್ಷ ಆದಮ್ಯಾಲೂ ಇದು ಇರ್ತದೇನು?’ ಎಂಬುದನ್ನೇ ನಾವು ಬೇರೆ ಮಾತಿನಲ್ಲಿ ಕೇಳಿಕೊಳ್ಳುತ್ತಿದ್ದೆವು.

ಮೊದಲು ನಮ್ಮ ಮನಸ್ಸು ಸೋತದ್ದು ಪೈಥಾನಿಗೆ, ಅದರಲ್ಲೂ ಜಾಂಗೋ ಎಂಬ ಚೌಕಟ್ಟಿಗೆ. ಕಾರಣ ಅದರ ಹುಟ್ಟಿನ ಕಥೆ. ಜಾಂಗೋ ಹುಟ್ಟಿದ್ದು ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಅಲ್ಲ, ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಪಟ್ಟಣದಲ್ಲಿ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ಸ್ಥಳೀಯ ಪತ್ರಿಕೆ ಇದೆ. 2003ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್, ಸಂಪಾದಕರು ಬೆಳಿಗ್ಗೆ ಕೇಳಿದ್ದನ್ನು ಸಂಜೆಯೊಳಗೆ ಮಾಡಿಕೊಡಬೇಕಾದ ಒತ್ತಡದಲ್ಲಿ ತಮಗಾಗಿ ಬರೆದುಕೊಂಡ ಉಪಕರಣ ಅದು. 2005ರ ಜುಲೈಯಲ್ಲಿ ಅದನ್ನು ಎಲ್ಲರಿಗೂ ಮುಕ್ತ ಮಾಡಿದರು. ಕೋಡು ಬಾರದ ವರದಿಗಾರರೂ ಸುದ್ದಿ ತುಂಬಲು ಅನುಕೂಲವಾಗುವ ಆಡಳಿತ ಪುಟ ಅದರಲ್ಲಿ ತಾನಾಗಿಯೇ ಸಿಗುತ್ತದೆ. ಸಣ್ಣ ಊರಿನ ಪತ್ರಿಕೆಯೊಂದು ತನಗಾಗಿ ಮಾಡಿಕೊಂಡದ್ದನ್ನು ಮುಂದೆ ಇನ್‌ಸ್ಟಾಗ್ರಾಂ ಶುರುವಿನಲ್ಲಿ ಬಳಸಿತು ಎಂದಾಗ ನಮಗೂ ಎದೆಯುಬ್ಬಿತು. ನಮ್ಮ ಬಿಎಸ್‌ಸಿ ಗೆಳೆಯ ಅಂದೇ ‘ಮುಗೀತು, ಜಾಂಗೋನ’ ಎಂದು ತೀರ್ಪು ಕೊಟ್ಟ.

ಆದರೆ ಅದನ್ನು ಎಲ್ಲಿ ಓಡಿಸುವುದು ಎಂಬಲ್ಲಿ ಮಾತು ಕಟ್ಟಿತು. ಇದನ್ನು ಹಿಟ್ಟಿನ ಗಿರಣಿಯ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಪಿಎಚ್‌ಪಿ ಎಂದರೆ ಜೋಳ ತಂದಾಗ ಶುರು ಮಾಡಿ, ಬೀಸಿ, ಬಂದ್ ಮಾಡುವ ಗಿರಣಿ. ಓದುಗ ಪುಟ ಕೇಳಿದಾಗ ಪ್ರೋಗ್ರಾಂ ಎದ್ದು, ಪುಟ ಕಟ್ಟಿಕೊಟ್ಟು, ಎಲ್ಲ ಮರೆತು ಮಲಗುತ್ತದೆ. ಒಂದು ಪುಟದಲ್ಲಿ ತಪ್ಪಾದರೆ ಆ ಪುಟ ಮಾತ್ರ ಕೆಡುತ್ತದೆ. ಜಾಂಗೋ, ನೋಡ್ ಮುಂತಾದವು ಹಗಲೂ ರಾತ್ರಿ ತಿರುಗುತ್ತಲೇ ಇರಬೇಕಾದ ಗಿರಣಿಗಳು. ನಿಂತರೆ ಯಾರಾದರೂ ಹೋಗಿ ಮತ್ತೆ ಚಾಲೂ ಮಾಡಬೇಕು. ನಿಲ್ಲದ ಹಾಗೆ ಕಾಯಲು ಇನ್ನೊಂದು ಪ್ರೋಗ್ರಾಂ ಇಡಬೇಕು. ದೊಡ್ಡ ಕೆಲಸಕ್ಕೆ ಅದೇ ಸರಿ. ಆದರೆ ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ಸಲೀಸಾಗಿ ಓಡುತ್ತದೆ: ಕಡತ ಏರಿಸಿದರೆ ಆಯಿತು. ಅದಕ್ಕೆ ನಾವು ಕೊಡುತ್ತಿರುವುದು ವರ್ಷಕ್ಕೆ 3,000 ರೂಪಾಯಿಯೊಳಗೆ. ಇನ್ನೊಂದಕ್ಕೆ ನಮ್ಮದೇ ಒಂದು ಸರ್ವರ್ ಬಾಡಿಗೆಗೆ ಹಿಡಿದು, ಅದರ ಕಾವಲನ್ನೂ ನಾವೇ ಮಾಡಬೇಕಿತ್ತು. ನಾವು ನಾಲ್ವರೂ ಹಗಲು ಬೇರೆ ಬೇರೆ ಕೆಲಸಕ್ಕೆ ಹೋಗುವವರು.

ಪಿಎಚ್‌ಪಿಗೆ ಹುಡುಗರ ನಡುವೆ ಮರ್ಯಾದೆ ಕಡಿಮೆ. ಹೊನಗಾ ಕಡೆಯ ಬಿಸಿಎ ಹುಡುಗನೊಬ್ಬನನ್ನು ಕೇಳಿದೆವು. ‘ಅಣ್ಣಾ, ಅದು ಹಳೇದಾತು. ಇಂಟರ್‌ವ್ಯೂದಾಗ ಹೇಳಿದ್ರ ನಗ್ತಾರ’ ಎಂದ. ಹಳೆಯದು ಎಂಬುದು ನಿಜವೇ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ಪುಟದ ಕೆಲಸಕ್ಕೆಂದು ಬರೆದುಕೊಂಡಿದ್ದನ್ನು ಹೊರಗೆ ಬಿಟ್ಟರು; ಹೆಸರಿನ ಮೂಲ ಅರ್ಥವೂ ‘ಸ್ವಂತ ಮುಖಪುಟ’ ಎಂದೇ. ಯೋಜನೆ ಹಾಕಿ ಕಟ್ಟಿದ ಮನೆಯಲ್ಲ, ಬೇಕಾದಂತೆ ಕೋಣೆ ಸೇರಿಸುತ್ತ ಬೆಳೆದ ಮನೆ. ಒಂದೇ ಬಗೆಯ ಕೆಲಸದ ಫಂಕ್ಷನ್‌ಗಳಿಗೆ ಒಂದೊಂದು ರೀತಿಯ ಹೆಸರು. ಆದರೆ ವಿಕಿಪೀಡಿಯ ನಡೆಯುವುದು ಅದರ ಮೇಲೆ, ಕನ್ನಡ ವಿಕಿಪೀಡಿಯವೂ ಸೇರಿ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ ‘ಸಂಪದ’ ನಡೆದದ್ದು ಡ್ರೂಪಲ್ ಮೇಲೆ, ಅದೂ ಪಿಎಚ್‌ಪಿಯೇ. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಕೂಡ ಅದೇ, ಮತ್ತು ಇಂದು ಜಗತ್ತಿನ ವೆಬ್‌ಸೈಟುಗಳಲ್ಲಿ ಸುಮಾರು ಹತ್ತಕ್ಕೆ ನಾಲ್ಕು ವರ್ಡ್‌ಪ್ರೆಸ್ ಮೇಲಿವೆ. ಕನ್ನಡದಲ್ಲಿ ಅಂತರ್ಜಾಲದ ಬರವಣಿಗೆ ಬೆಳೆದದ್ದರಲ್ಲಿ ಈ ಮರ್ಯಾದೆಯಿಲ್ಲದ ಭಾಷೆಯ ಪಾಲು ದೊಡ್ಡದು.

ಜಾವಾಸ್ಕ್ರಿಪ್ಟ್ ವಿಷಯದಲ್ಲಿ ಆಯ್ಕೆ ಎಂಬುದೇ ಇಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಅದರ ಮೊದಲ ರೂಪ ಬರೆದರು. ಬ್ರೌಸರಿನೊಳಗೆ ನೇರವಾಗಿ ನಡೆಯುವ ಭಾಷೆ ಅಂದಿನಿಂದ ಅದೇ. ಹಿಂದೆ ಏನೇ ಬಳಸಿದರೂ, ಓದುಗ ಗುಂಡಿ ಒತ್ತಿದಾಗ ಪಟ್ಟಿ ತೆರೆಯಬೇಕೆಂದರೆ ಅದು ಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಹಾಗೆ, ವೆಬ್ಬಿಗೆ ಬಂದವರು ಇಂದಲ್ಲ ನಾಳೆ ಜಾವಾಸ್ಕ್ರಿಪ್ಟಿಗೆ ಬರಲೇಬೇಕು. 2009ರಲ್ಲಿ ರಯಾನ್ ಡಾಲ್ ನೋಡ್ ತಂದಮೇಲೆ ಸರ್ವರ್ ಕಡೆಯ ಕೆಲಸವನ್ನೂ ಅದರಲ್ಲೇ ಮಾಡಬಹುದಾಯಿತು. ಒಂದೇ ಭಾಷೆ ಕಲಿತರೆ ಎರಡೂ ಕಡೆ ನಡೆಯುತ್ತದೆ ಎಂಬುದು ದೊಡ್ಡ ಅನುಕೂಲ, ಹುಡುಗರು ಅದನ್ನು ಕಲಿಯುವುದೂ ಅದಕ್ಕೇ.

ನಮಗೆ ಹೆದರಿಕೆಯಾದದ್ದು ಅದರ ಅವಲಂಬನೆಗಳ ಸರಪಳಿ ನೋಡಿ. ಒಂದು ಪೊಟ್ಟಣ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. 2016ರ ಮಾರ್ಚಿನಲ್ಲಿ ಒಬ್ಬ ಡೆವಲಪರ್ ಸಿಟ್ಟಿನಿಂದ ತನ್ನ ಹನ್ನೊಂದು ಸಾಲಿನ ಪೊಟ್ಟಣವೊಂದನ್ನು ಹಿಂತೆಗೆದುಕೊಂಡ. ಅಕ್ಷರದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಜಗತ್ತಿನ ಸಾವಿರಾರು ಯೋಜನೆಗಳು ಒಮ್ಮೆಲೇ ಮುರಿದು ಬಿದ್ದವು. ದೊಡ್ಡ ಕಂಪನಿಗಳು ಕೆಲವೇ ಗಂಟೆಯಲ್ಲಿ ಸರಿ ಮಾಡಿಕೊಂಡವು. ಕಾಕತಿಯಲ್ಲಿ ಹಾಗಾದರೆ ಕೂತು ಸರಿ ಮಾಡುವವರು ಯಾರು?

ರೂಬಿ ಆನ್ ರೈಲ್ಸ್, ಜಾವಾ ಇವನ್ನೂ ನೋಡಿದೆವು. ರೈಲ್ಸ್ ಬರುವವರು ನಮ್ಮ ಸುತ್ತ ಒಬ್ಬರೂ ಸಿಗಲಿಲ್ಲ. ಜಾವಾ ಬರುವವರು ಬೇಕಾದಷ್ಟು ಸಿಕ್ಕರು, ಆದರೆ ಬಸ್ಸಿನ ವೇಳೆ ಹಾಕಲು ಜಾವಾ ಎಂದರೆ ಇಲಿ ಹಿಡಿಯಲು ಗುಡ್ಡ ಅಗೆದ ಹಾಗೆ.

ಇಷ್ಟೆಲ್ಲ ಹೋಲಿಕೆಯ ನಡುವೆ ನಮಗೆ ನಮ್ಮದೇ ಒಂದು ಪರೀಕ್ಷೆ ಹೊಳೆಯಿತು. ಪ್ರತಿ ಭಾಷೆಗೂ ‘ಕಾಕತಿ’ ಎಂಬ ಪದ ಕೊಟ್ಟು ಇದರಲ್ಲಿ ಎಷ್ಟು ಅಕ್ಷರ ಎಂದು ಕೇಳುವುದು. ಕನ್ನಡ ಶಾಲೆಯ ಎರಡನೇ ತರಗತಿಯ ಮಗು ಮೂರು ಎನ್ನುತ್ತದೆ: ಕಾ, ಕ, ತಿ. ಪಿಎಚ್‌ಪಿಯ ಸಾಮಾನ್ಯ ಫಂಕ್ಷನ್ 15 ಎಂದಿತು. ಪೈಥಾನ್ 5 ಎಂದಿತು, ಜಾವಾಸ್ಕ್ರಿಪ್ಟೂ 5. ಯಾವುದೂ ಸುಳ್ಳು ಹೇಳಲಿಲ್ಲ. ಯೂನಿಕೋಡಿನಲ್ಲಿ ಕನ್ನಡದ ವ್ಯಂಜನಕ್ಕೊಂದು ಸಂಖ್ಯೆ, ಸ್ವರಚಿಹ್ನೆಗೆ ಬೇರೆಯೇ ಸಂಖ್ಯೆ. ಕ, ದೀರ್ಘ, ಕ, ತ, ಗುಡಿಸು ಸೇರಿ ಐದು. ಯುಟಿಎಫ್-8ರಲ್ಲಿ ಉಳಿಸುವಾಗ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟು, ಅಲ್ಲಿಗೆ ಹದಿನೈದು. ‘ಚೆನ್ನಮ್ಮ’ ಎಂದು ಕೊಟ್ಟರೆ ನಮಗೆ ಮೂರು ಅಕ್ಷರ, ಪೈಥಾನಿಗೆ 8, ಬೈಟು ಎಣಿಸುವ ಫಂಕ್ಷನ್ನಿಗೆ 24.

ಇದು ಲೆಕ್ಕದ ಆಟವಲ್ಲ. ಸುದ್ದಿ ತಾಣದ ಮುಖಪುಟದಲ್ಲಿ ತಲೆಬರಹದ ಮೊದಲ ಇಷ್ಟು ಅಕ್ಷರ ತೋರಿಸು, ಉಳಿದದ್ದಕ್ಕೆ ಮೂರು ಚುಕ್ಕೆ ಹಾಕು ಎಂಬ ಆಜ್ಞೆ ಎಲ್ಲೆಡೆ ಇರುತ್ತದೆ. ಬೈಟು ಎಣಿಸಿ ಕತ್ತರಿಸಿದರೆ ಅಕ್ಷರದ ನಡುವೆಯೇ ಕತ್ತರಿ ಬಿದ್ದು, ಕರಿಯ ಚೌಕದಲ್ಲಿ ಪ್ರಶ್ನೆ ಚಿಹ್ನೆ ಕಾಣುತ್ತದೆ. ಕನ್ನಡದ ಎಷ್ಟೋ ತಾಣಗಳಲ್ಲಿ ನೀವು ನೋಡಿರುತ್ತೀರಿ. ಪಿಎಚ್‌ಪಿಯಲ್ಲೇ ಬಹುಬೈಟಿನ ಅಕ್ಷರಗಳಿಗೆಂದು ಬೇರೆ ಫಂಕ್ಷನ್‌ಗಳಿವೆ. ಅವನ್ನು ಬಳಸಿದರೆ ಚೌಕ ಹೋಗುತ್ತದೆ, ಆದರೆ ‘ಕಿತ್ತೂರು’ ಎಂಬುದನ್ನು ನಾಲ್ಕು ಚಿಹ್ನೆಗೆ ಕತ್ತರಿಸಿದರೆ ‘ಕಿತ್’ ಎಂದು ಉಳಿಯುತ್ತದೆ. ರಾಣಿಯ ಊರಿನ ಹೆಸರು ಹಾಗೆ ಕಿತ್ತುಹೋಗಬಾರದು. ಪರಿಹಾರ ಸರಳ: ಅಕ್ಷರ ಎಣಿಸಬೇಡಿ, ಪದ ಎಣಿಸಿ, ಪದಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ. ಇದನ್ನು ಯಾವ ಭಾಷೆಯಲ್ಲೂ ಮಾಡಬಹುದು. ನಮ್ಮ ಪರೀಕ್ಷೆಯಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಕನ್ನಡ ಗೊತ್ತಿರುವವರು ಕೋಡಿನ ಹತ್ತಿರ ಕೂತಿರಬೇಕು ಎಂಬುದಷ್ಟೇ ಖಚಿತವಾಯಿತು.

ಇನ್ನೊಂದು ಕೆಲಸಕ್ಕೆ ಮಾತ್ರ ಪೈಥಾನ್ ಕೈಹಿಡಿಯಿತು. ಊರಿನ ಹಳೆಯ ಸ್ಮರಣ ಸಂಚಿಕೆಗಳ ಕಡತಗಳು ಡಿಟಿಪಿ ಅಂಗಡಿಯಲ್ಲಿ ಸಿಕ್ಕವು. ಎಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದು. ಅದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ವ್ಯವಸ್ಥೆ. ವೆಬ್ಬಿಗೆ ಹಾಕಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕನ್ನಡದ ಸ್ವಯಂಸೇವಕರು ಬರೆದು ಮುಕ್ತವಾಗಿ ಹಂಚಿದ ಪರಿವರ್ತಕಗಳಿವೆ. ಅವನ್ನು ನಮ್ಮ ಗೆಳೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಮೂಲಕ ಓಡಿಸಿ ಒಂದು ವಾರದಲ್ಲಿ ಎಲ್ಲವನ್ನೂ ಯೂನಿಕೋಡಿಗೆ ತಂದ. ಒತ್ತಕ್ಷರ, ಅರ್ಕಾವತ್ತು ಸ್ಥಾನ ತಪ್ಪಿದ್ದನ್ನು ನಾವು ಕೂತು ತಿದ್ದಿದೆವು. ಕಳೆದುಹೋಯಿತೆಂದುಕೊಂಡಿದ್ದ ಕೆಲವು ಬರಹಗಳು ಹೀಗೆ ಮರಳಿ ಬಂದವು.

ಕೊನೆಗೆ ತೀರ್ಮಾನಿಸಿದ್ದು ಮೂರು ಪ್ರಶ್ನೆಗಳ ಮೇಲೆ. ರಾತ್ರಿ ಒಂಬತ್ತಕ್ಕೆ ತಾಣ ನಿಂತರೆ ನಡೆದು ಹೋಗುವಷ್ಟು ದೂರದಲ್ಲಿ ಯಾರಿದ್ದಾರೆ? ನಮ್ಮ ಕೈಯಲ್ಲಿ ಹಣವಿಲ್ಲದ ವರ್ಷವೂ ಅದನ್ನು ನಡೆಸಬಹುದೇ? ನಾವು ನಾಲ್ವರೂ ಊರು ಬಿಟ್ಟರೆ ಮುಂದೆ ಯಾರು? ಕಾಕತಿಯ ಒಂದು ಬದಿಗೆ ಭೂತರಾಮನಹಟ್ಟಿಯಲ್ಲಿ 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ನಗರದ ಆಚೆ ಬದಿಗೆ ಖಾನಾಪುರ ರಸ್ತೆಯ ಮಚ್ಛೆಯಲ್ಲಿ 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಕೋಡು ಕಲಿಯುವವರಿಗೆ ಬರವಿಲ್ಲ. ಆದರೆ ಕಲಿತವರು ಇದೇ ಹೆದ್ದಾರಿ ಹಿಡಿದು ಒಂದೋ ಪುಣೆಗೆ, ಇಲ್ಲವೋ ಬೆಂಗಳೂರಿಗೆ ಹೋಗುತ್ತಾರೆ. ಅವರ ಭಾಷೆಯ ಆಯ್ಕೆ ಆ ಎರಡು ನಗರಗಳ ಉದ್ಯೋಗ ಜಾಹೀರಾತು ನೋಡಿ ಆಗುತ್ತದೆ. ಅದು ತಪ್ಪೂ ಅಲ್ಲ. ಮನೆಯವರು ಸಾಲ ಮಾಡಿ ಓದಿಸಿರುತ್ತಾರೆ.

ಈ ಮಾತು ನಮಗೆ ಸರಿಯಾಗಿ ನಾಟಿದ್ದು ನಮ್ಮ ಓಣಿಯ ಒಬ್ಬ ಹುಡುಗಿಯಿಂದ. ಬಿಸಿಎ ಎರಡನೇ ವರ್ಷ, ತಂದೆ ಫೌಂಡ್ರಿಯಲ್ಲಿ ಕೆಲಸ. ತಾಣ ನೋಡಿಕೊಳ್ಳಲು ಅವಳು ಒಪ್ಪಿದಾಗ ನಾವು ವರ್ಡ್‌ಪ್ರೆಸ್ ಎಂದೆವು. ‘ಅಕ್ಕಾ, ಮಾಡ್ತೀನಿ. ಆದ್ರ ಇದರಿಂದ ನನಗೇನ್ ಸಿಗ್ತದ? ನಾ ಜಾವಾಸ್ಕ್ರಿಪ್ಟ್ ಕಲಿಯಾಕತ್ತೀನಿ. ಇದಕ್ಕ ಆರು ತಿಂಗಳ ಕೊಟ್ರ ಅದು ಹಿಂದ ಬೀಳ್ತದ’ ಎಂದಳು. ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ತಾಣ ಬಾಳಬೇಕೆಂಬುದು ಊರಿನ ಅಗತ್ಯ. ಬೇಗ ಕೆಲಸ ಹಿಡಿಯಬೇಕೆಂಬುದು ಅವಳ ಅಗತ್ಯ. ಒಂದು ಅಗತ್ಯಕ್ಕಾಗಿ ಇನ್ನೊಂದನ್ನು ಅಡ ಇಡಿ ಎನ್ನಲು ನಮಗೆ ಯಾವ ಹಕ್ಕೂ ಇರಲಿಲ್ಲ.

ಹೀಗೆ ಮಾಡಿದೆವು: ತಾಣದ ಬುನಾದಿ ಪಿಎಚ್‌ಪಿಯ ವರ್ಡ್‌ಪ್ರೆಸ್. ನಾವು ಮೂವರೂ ಕೋಡಿಲ್ಲದೆ ಸುದ್ದಿ ಹಾಕಬಹುದು, ಬೆಳಗಾವಿಯಲ್ಲಿ ಯಾವ ಗಲ್ಲಿಯಲ್ಲಿ ಕೇಳಿದರೂ ಅದನ್ನು ರಿಪೇರಿ ಮಾಡುವ ಒಬ್ಬರಾದರೂ ಸಿಗುತ್ತಾರೆ. ತರಕಾರಿ ದರದ ಪುಟವನ್ನು ಮಾತ್ರ ಅವಳಿಗೆ ಬಿಟ್ಟೆವು. ಅದನ್ನು ಅವಳು ಪೂರ್ತಿ ಜಾವಾಸ್ಕ್ರಿಪ್ಟಿನಲ್ಲಿ, ಹೊರಗಿನ ಪೊಟ್ಟಣ ಒಂದನ್ನೂ ತಾರದೆ ಬರೆದಳು. ಕೆಳಗೆ ಅವಳ ಹೆಸರಿದೆ, ಕೋಡು ಅವಳದೇ, ಸಂದರ್ಶನಕ್ಕೆ ಹೋದಲ್ಲಿ ತೋರಿಸಬಹುದು. ಅದು ಕೆಟ್ಟರೂ ಉಳಿದ ತಾಣ ನಿಲ್ಲುವುದಿಲ್ಲ. ವರ್ಡ್‌ಪ್ರೆಸ್ಸಿಗೆ ಬೇಕಾದಷ್ಟು ಪಿಎಚ್‌ಪಿಯನ್ನು ಅವಳು ಮೂರು ವಾರದಲ್ಲಿ ಕಲಿತಳು. ‘ಒಂದ್ ಬಂದ್ರ ಇನ್ನೊಂದ್ ಭಾಳ ತ್ರಾಸ ಇಲ್ಲ ಬಿಡ್ರಿ’ ಎಂಬುದು ಅವಳ ಮಾತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ ಆಡಿ ಬೆಳೆದವರಿಗೆ ಇದು ಹೊಸ ಮಾತೇನಲ್ಲ.

ವರ್ಡ್‌ಪ್ರೆಸ್ ಹಾಕಿದರೆ ಚಿಂತೆ ಮುಗಿಯಿತು ಎಂದಲ್ಲ. ಸಿಕ್ಕ ಸಿಕ್ಕ ಪ್ಲಗಿನ್ ಹಾಕಿ, ಅಪ್‌ಡೇಟ್ ಮಾಡದೆ ಬಿಟ್ಟರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾವು ಪ್ಲಗಿನ್ ನಾಲ್ಕಕ್ಕೆ ಮಿತಿ ಹಾಕಿದ್ದೇವೆ, ವಾರಕ್ಕೊಮ್ಮೆ ಎಲ್ಲದರ ಪ್ರತಿ ಮನೆಯ ಪೆನ್‌ಡ್ರೈವಿಗೆ ಇಳಿಸುತ್ತೇವೆ. ಭಾಷೆಗಳಿಗೂ ಆಯಸ್ಸಿದೆ ಎಂಬುದನ್ನು ನೆನಪಿಡಬೇಕು. ಪಿಎಚ್‌ಪಿ 5.6ಕ್ಕೆ ಬೆಂಬಲ 2018ರ ಕೊನೆಗೆ ನಿಂತಿತು, ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ. ಯಾವುದನ್ನು ಆರಿಸಿದರೂ ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿಗೆ ಏರಬೇಕು.

ಡೊಮೈನ್ ಈಗ ನಮ್ಮದೇ ಖಾತೆಯಲ್ಲಿದೆ, ಮೂವರ ಫೋನಿಗೆ ನವೀಕರಣದ ನೆನಪೋಲೆ ಬರುತ್ತದೆ. ಕೋಡಿನ ನಡುವಿನ ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇವೆ. ದರದ ಪುಟದಲ್ಲಿ ಅವಳು ಚರಾಂಶಕ್ಕೆ ‘ಬೆಲೆ’ ಎಂದೇ ಹೆಸರಿಟ್ಟಿದ್ದಾಳೆ. ಪಿಎಚ್‌ಪಿ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರೂ ಕನ್ನಡದ ಹೆಸರನ್ನು ತಕರಾರಿಲ್ಲದೆ ಒಪ್ಪುತ್ತವೆ. ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು: ಎಲ್ಲಿ ಏನಿದೆ, ಯಾವುದು ಕೆಟ್ಟರೆ ಏನು ಮಾಡಬೇಕು, ಯಾವ ತಾರೀಖಿಗೆ ಯಾರಿಗೆ ಎಷ್ಟು ಹಣ ಕಟ್ಟಬೇಕು, ಎಲ್ಲ ಕೈಬರಹದಲ್ಲಿ. ನಮ್ಮ ಬಿಎಸ್‌ಸಿ ಗೆಳೆಯ ಇಂದಿಗೂ ಜಾಂಗೋ ಎಂದೇ ಹಟ ಹಿಡಿದಿದ್ದಾನೆ. ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟಗಳನ್ನು ಅವನಿಗೆ ಬಿಟ್ಟಿದ್ದೇವೆ, ಮುಂದೆ ಯಾರಾದರೂ ಬದಲಾಯಿಸುವುದಾದರೆ ಹೇಗೆ ಎಂದು ಬರೆಯಲಿ ಅಂತ. ಎರಡು ಪುಟ ಬರೆದಿದ್ದಾನೆ.